ಬಸ್ರಾ ಅಣ್ಣನ ಹೆಸರು

ಬಸ್ರಾ ಅಣ್ಣ ತೀರಿಕೊಂಡಾಗ ನಮ್ಮ ಬಳಗದವರು ಯಾರೂ ಅವರ ಮನೆಗೆ ಹೋಗಲಿಲ್ಲ. ಮನಸ್ಸಿಲ್ಲದೆ ಅಲ್ಲ, ಸುದ್ದಿ ಮುಟ್ಟದೆಯೂ ಅಲ್ಲ. ಸುದ್ದಿ ಎಲ್ಲರ ಮೊಬೈಲಿಗೂ ಬಂದಿತ್ತು. ಆದರೆ ಅದರಲ್ಲಿದ್ದದ್ದು ಅವರ ನಿಜವಾದ ಹೆಸರು. ಆ ಹೆಸರು ನಮಗೆ ಗೊತ್ತಿರಲಿಲ್ಲ.

ನಮ್ಮ ಬಳಗದ ರೂಢಿ ತಿಳಿಯದವರಿಗೆ ಇದು ನಂಬಲಾಗದ ಮಾತು. ಅಪ್ಪ, ತಾತ, ಮುತ್ತಾತ ಯಾರಾದರೂ ಹಳೆಯ ಮೈಸೂರು ಸಂಸ್ಥಾನದ ದಂಡಿನಲ್ಲೋ ಆಮೇಲಿನ ಸೈನ್ಯದಲ್ಲೋ ಇದ್ದ ಮನೆಯವರು ಸೇರಿ ಮಾಡಿಕೊಂಡ ಬಳಗ ಇದು. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಗೋವಿಂದರಾಜನಗರದ ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿನ ಹಾಲ್‌ನಲ್ಲಿ ಸೇರುತ್ತೇವೆ. ಯಾರಾದರೂ ಹಳೆಯ ಫೋಟೋ ತರುತ್ತಾರೆ, ಯಾರಾದರೂ ತುಕ್ಕು ಹಿಡಿದ ಪದಕ ತರುತ್ತಾರೆ. ಒಂದೊಂದು ಸಲ ಎಲ್ಲರೂ ಹೋಗಿ, ಲೇಔಟುಗಳ ನಡುವೆ ಸಿಕ್ಕಿಕೊಂಡ ಯಾವುದೋ ವೀರಗಲ್ಲಿನ ಸುತ್ತಲಿನ ಕಸ ತೆಗೆದು ಬರುತ್ತೇವೆ. ಕೊನೆಗೆ ಮಾಗಡಿ ರಸ್ತೆಯ ದರ್ಶಿನಿಯಲ್ಲಿ ನಿಂತುಕೊಂಡೇ ಇಡ್ಲಿ ತಿಂದು ಚದುರುತ್ತೇವೆ. ಇಲ್ಲಿ ಒಬ್ಬರನ್ನೊಬ್ಬರು ಕರೆಯುವುದು ಅವರವರ ಹಿರಿಯರು ಹೋಗಿದ್ದ ಜಾಗದ ಹೆಸರಿನಿಂದ. ಹೈಫಾ ಮೇಷ್ಟ್ರು, ಬರ್ಮಾ ಆಂಟಿ, ಬಸ್ರಾ ಅಣ್ಣ. ನನ್ನ ಮುತ್ತಾತ ಯಾವ ಯುದ್ಧಕ್ಕೂ ಹೋದವನಲ್ಲ. ಬೆಂಗಳೂರಲ್ಲೇ ದಂಡಿನ ಕುದುರೆಲಾಯದಲ್ಲಿ ಹುಲ್ಲು ಹಾಕಿಕೊಂಡಿದ್ದ. ಹಾಗಾಗಿ ನಾನು ಲಾಯದ ಮೇಡಂ. ನನ್ನ ಮುಖ ಸಣ್ಣಗಾದದ್ದನ್ನು ನೋಡಿ ಹೈಫಾ ಮೇಷ್ಟ್ರು ಮೊದಲ ದಿನವೇ ಸಮಾಧಾನ ಹೇಳಿದ್ದರು: "ಬೇಜಾರ್ ಮಾಡ್ಕೋಬೇಡಿ. ಎಲ್ರೂ ಯುದ್ಧಕ್ಕೆ ಹೋಗ್ಬಿಟ್ರೆ ಕುದುರೆಗೆ ಹುಲ್ಲು ಹಾಕೋರ್ಯಾರು?"

ಆ ಮಾತು ಹೇಳಿದ್ದು ಹೈಫಾ ಮೇಷ್ಟ್ರೇ ಎಂದು ಈಗ ಬರೆದುಬಿಟ್ಟೆ. ಬರ್ಮಾ ಆಂಟಿಯೂ ಇರಬಹುದು. ಇಬ್ಬರೂ ಈಗ ಇಲ್ಲ, ಕೇಳಿ ತಿಳಿಯುವಂತಿಲ್ಲ. ಮೇಷ್ಟ್ರು ಛತ್ರಿಯನ್ನೇ ಭರ್ಜಿಯಂತೆ ಹಿಡಿದು ಅವರ ತಾತ ಕುದುರೆ ಮೇಲೆ ಹೇಗೆ ನುಗ್ಗಿದ್ದರು ಎಂದು ತೋರಿಸುತ್ತಿದ್ದದ್ದು ಮಾತ್ರ ಖಚಿತ, ಒಮ್ಮೆ ಆ ಛತ್ರಿ ಟ್ಯೂಬ್‌ಲೈಟಿಗೆ ತಗುಲಿತ್ತು. ಬರ್ಮಾ ಆಂಟಿ "ಶತ್ರು ಸತ್ತ, ಇನ್ನು ಇಳೀರಿ ಸಾರ್" ಎಂದಿದ್ದರು. ಒಂದೇ ವರ್ಷದಲ್ಲಿ ಇಬ್ಬರೂ ಹೋದರು. ಮೇಷ್ಟ್ರ ರಾಜಾಜಿನಗರದ ಮನೆಯಲ್ಲಿ ನಾವು ಎಷ್ಟೋ ಸಲ ಊಟ ಮಾಡಿದ್ದೆವು. ಆಂಟಿಯ ಮಗಳು ನಮ್ಮ ಬಳಗದಲ್ಲೇ ಇದ್ದಾಳೆ. ಎರಡು ಮನೆಗೂ ಹೋದೆವು, ಸಾಲಾಗಿ ನಿಂತು ಸಲ್ಯೂಟ್ ಹೊಡೆದೆವು. ಅದೂ ನಮ್ಮ ರೂಢಿಯೇ.

ಅದೇ ವರ್ಷ ಇನ್ನೊಂದು ಸಂದೇಶವೂ ಬಂದಿತ್ತು. ಯಾವುದೋ ಗುರುತಿಲ್ಲದ ನಂಬರಿನಿಂದ ಬಂದದ್ದನ್ನು ನಮ್ಮ ಕಾರ್ಯದರ್ಶಿ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ಕುರುಬರಹಳ್ಳಿಯ ಇಂಥವರು ದೈವಾಧೀನರಾಗಿದ್ದಾರೆ, ಮಧ್ಯಾಹ್ನ ಅಂತ್ಯಕ್ರಿಯೆ. ಫೋಟೋ ಇರಲಿಲ್ಲ. ಯಾರೋ ಸದಸ್ಯರ ಕಡೆಯವರಿರಬೇಕು ಎಂದುಕೊಂಡು ಒಬ್ಬರು ಕೈಮುಗಿದ ಚಿತ್ರ ಹಾಕಿದರು, ಇನ್ನೊಬ್ಬರು ಓಂ ಶಾಂತಿ ಎಂದರು. ನಾನೂ ಕೈಮುಗಿದ ಚಿತ್ರವನ್ನೇ ಹಾಕಿದೆ. ಬಸ್ರಾ ಅಣ್ಣ ಆ ಗುಂಪಿನಲ್ಲಿ ಇರಲಿಲ್ಲ. ಅವರದು ಬಟನ್ ಫೋನು. ಮುಂದೆ ನಾವು ಸೇರಿದ ಭಾನುವಾರ ಅವರು ಬರದಿದ್ದಾಗ ಯಾರೋ, "ಬಸ್ರಾ ಅಣ್ಣ ಎಲ್ಲಿ, ಕಾಣಿಸ್ತಾನೇ ಇಲ್ಲ?" ಎಂದರು. "ಮಂಡಿನೋವು ಅಂತಿದ್ರಲ್ಲ, ಮೆಟ್ಟಿಲು ಹತ್ತೋಕಾಗಲ್ಲ ಪಾಪ" ಎಂದು ಇನ್ಯಾರೋ ಉತ್ತರ ಕೊಟ್ಟರು. ಅದರ ಮುಂದಿನ ತಿಂಗಳೂ ಮಂಡಿನೋವೇ ಆಯಿತು.

ವರ್ಷಕ್ಕೊಮ್ಮೆ ತೀರಿಕೊಂಡ ಸದಸ್ಯರ ಫೋಟೋಗಳನ್ನಿಟ್ಟು, ಹೂ ಹಾಕಿ, ಒಬ್ಬೊಬ್ಬರ ಬಗ್ಗೆಯೂ ಒಬ್ಬರು ಮಾತಾಡುತ್ತೇವೆ. ಈ ಸಲ ಕಾರ್ಯದರ್ಶಿ, ಇರಲಿ ಎಂದು ಆ ಗುರುತಿಲ್ಲದ ನಂಬರಿಗೂ ಆಹ್ವಾನ ಕಳಿಸಿದ್ದರು. ಮೇಷ್ಟ್ರ ಫೋಟೋ, ಆಂಟಿಯ ಫೋಟೋ ಮೇಜಿನ ಮೇಲಿದ್ದವು. ಅಷ್ಟರಲ್ಲಿ ವಯಸ್ಸಾದ ಹೆಂಗಸೊಬ್ಬರು ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಕಂಕುಳಲ್ಲಿ ನ್ಯೂಸ್ ಪೇಪರು ಸುತ್ತಿದ ಚೌಕಾಕಾರದ ಗಂಟು. ಪೇಪರು ಬಿಚ್ಚಿ ಒಂದು ಫೋಟೋ ಮೇಜಿನ ಮೇಲಿಟ್ಟರು.

ಬಸ್ರಾ ಅಣ್ಣ ನಮ್ಮನ್ನೇ ನೋಡುತ್ತಿದ್ದರು. ಒಂದು ಕಿವಿಯ ಮೇಲೆ ಎಂದಿನಂತೆ ಕೂದಲು ಎದ್ದು ನಿಂತಿತ್ತು.

"ಅಯ್ಯೋ, ಬಸ್ರಾ ಅಣ್ಣ!" ಎಂದು ಬರ್ಮಾ ಆಂಟಿಯ ಮಗಳು ಕೂಗಿದಳು.

ಆಕೆ ತಿರುಗಿ ನೋಡಿದರು. "ಯಾರು?"

ಕಾರ್ಯದರ್ಶಿ ಮುಂದೆ ಬಂದು ನಮ್ಮ ರೂಢಿ ವಿವರಿಸಿದರು. ಹೆಸರು ಬೇರೆ ಇದ್ದದ್ದರಿಂದ ತಿಳಿಯಲಿಲ್ಲ, ಕ್ಷಮಿಸಬೇಕಮ್ಮ ಎಂದರು. ಆಕೆ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ನಮಗೆ ಹೇಳಿದರೋ ಫೋಟೋಗೆ ಹೇಳಿದರೋ, ಗೊತ್ತಾಗದ ಹಾಗೆ ಮಾತು ತೆಗೆದರು.

"ಮಧ್ಯಾಹ್ನಕ್ಕೇ ಎತ್ಬೇಕಿತ್ತು. ನಾನೇ ತಡೀರಿ ತಡೀರಿ ಅಂದೆ. ಇವರು 'ನಾನು ಹೋದ್ರೆ ನಮ್ಮ ಬಳಗದೋರು ಬಂದು ಸಲ್ಯೂಟ್ ಹೊಡೀತಾರೆ ಕಣೇ, ನೋಡ್ತಿರು' ಅಂತಿದ್ರು. ಬಿಸಿಲು ಇಳಿಯೋ ತನಕ ಕಾದ್ವಿ. ನನ್ನ ತಮ್ಮ ಇದಾನಲ್ಲ, ಅವನು ಎಲ್ರ ಮುಂದೆ 'ಎಲ್ಲಕ್ಕಾ, ಭಾವನ ಮಿಲ್ಟ್ರಿ ಇನ್ನೂ ಬರ್ಲಿಲ್ಲ?' ಅಂದ." ಸೆರಗಿನಿಂದ ಫೋಟೋದ ಗಾಜು ಒರೆಸಿದರು. "ಅವತ್ತಿಂದ ನಂಗೂ ಅನುಮಾನ. ತಿಂಗಳಿಗೊಂದು ಭಾನುವಾರ ಶರ್ಟು ಇಸ್ತ್ರಿ ಮಾಡಿಸ್ಕೊಂಡು ಹೋಗ್ತಿದ್ರು. ನಿಜವಾಗ್ಲೂ ಇಲ್ಲಿಗೇ ಬರ್ತಿದ್ರಾ? ನಿಮಗೆಲ್ಲ ಅವರು ಬೇಕಾಗಿದ್ರಾ?"

ಬರ್ತಿದ್ರಮ್ಮ, ಬೇಕಾಗಿದ್ರಮ್ಮ ಎಂದು ಎಲ್ಲರೂ ಒಟ್ಟಿಗೆ ಹೇಳಿದೆವು. ಸುಳ್ಳು ಹೇಳುವವರು ಹೇಳುವ ಹಾಗೇ ಕೇಳಿಸಿತು. ಆಕೆಯ ಮುಖ ಬದಲಾಗಲಿಲ್ಲ. ಬಸ್ರಾ ಅಣ್ಣನ ಬಗ್ಗೆ ಮಾತಾಡಲು ಯಾರನ್ನೂ ಗೊತ್ತುಮಾಡಿರಲಿಲ್ಲ. ಕಾರ್ಯದರ್ಶಿ ನನ್ನ ಕಡೆ ನೋಡಿದರು. ನಾನು ಎದ್ದೆ.

ನನಗೆ ಅವರ ಒಂದೇ ಒಂದು ಕಥೆ ಪೂರ್ತಿ ಗೊತ್ತಿತ್ತು. ಅದನ್ನು ನಾನು ಬೇರೆಯವರಿಗೆ ಎಷ್ಟು ಸಲ ಹೇಳಿದ್ದೇನೆ ಎಂದರೆ, ಅದರಲ್ಲಿ ಅವರದೆಷ್ಟು ನನ್ನದೆಷ್ಟು ಎಂಬುದು ಈಗ ತಿಳಿಯದು. ಅಂದು ಹೇಳಿದಂತೆಯೇ ಇಲ್ಲಿ ಬರೆಯುತ್ತೇನೆ. ಅವರ ತಾತ ದಂಡಿನ ಸಾಮಾನು ಸಾಗಿಸುವ ಹೇಸರಗತ್ತೆ ಗಾಡಿ ಹೊಡೆಯುತ್ತಿದ್ದರು. ಮೊದಲನೇ ಮಹಾಯುದ್ಧಕ್ಕೆ ಹೋದವರು ತಿರುಗಿ ಬರಲಿಲ್ಲ. ನಿಮ್ಮ ತಾತ ಬಸ್ರಾದಲ್ಲಿ ಮಣ್ಣಾದ ಎಂದು ಅಜ್ಜಿ ಹೇಳುತ್ತಿದ್ದಳು. ಬಸ್ರಾ ಸಮುದ್ರದಾಚೆ ಇದೆಯೆಂದು ಮನೆಯಲ್ಲಿ ಯಾರಿಗೂ ತಿಳಿಯದು. ಮಂಡ್ಯದ ಹತ್ತಿರ ಬಸರಾಳು ಎಂಬ ಊರಿದೆ, ಅದೇ ಇರಬೇಕು ಎಂದುಕೊಂಡರು. ಅಜ್ಜಿ ಸತ್ತ ಮೇಲೆ ಬಸ್ರಾ ಅಣ್ಣ ಒಬ್ಬರೇ ಬಸ್ಸು ಹತ್ತಿ ಬಸರಾಳಿಗೆ ಹೋದರು, ತಾತನ ಸಮಾಧಿ ಹುಡುಕಿಕೊಂಡು. ಊರವರು ಅಲ್ಲಿನ ಹಳೆಯ ದೇವಸ್ಥಾನ ನೋಡಲು ಬಂದವರೆಂದು ತಿಳಿದು ದಾರಿ ತೋರಿಸಿದರು. ಅಲ್ಲ, ಸಮಾಧಿ ಬೇಕು ಎಂದಾಗ ತಲೆ ಕೆರೆದುಕೊಂಡರು. ಕೊನೆಗೆ ಒಬ್ಬ ಮುದುಕ ಮರುಕಪಟ್ಟು, ಹೊಲದ ಅಂಚಿನ ವೀರಗಲ್ಲೊಂದನ್ನು ತೋರಿಸಿ, "ಇವನೂ ಯಾರ ತಾತನೋ ಇರ್ಬೇಕಪ್ಪ, ಕೈ ಮುಗ್ದು ಹೋಗು" ಎಂದ. ಬಸ್ರಾ ಅಣ್ಣ ಅದಕ್ಕೇ ಕಾಯಿ ಒಡೆದು ಸಮಾಧಾನವಾಗಿ ಬಂದರು. ಎಷ್ಟೋ ವರ್ಷದ ಮೇಲೆ ಹೈಫಾ ಮೇಷ್ಟ್ರು ನಕಾಶೆ ಬಿಡಿಸಿ ಬಸ್ರಾ ತೋರಿಸಿದಾಗ ಅವರು ನಕ್ಕರು: "ಒಂದು 'ಳು' ಮರೆತಿದ್ದಕ್ಕೆ ನಮ್ ತಾತ ಸಮುದ್ರಾನೇ ದಾಟ್ಬಿಟ್ರಲ್ಲ!"

ಹಾಲ್‌ನಲ್ಲಿ ಎಲ್ಲರೂ ನಕ್ಕರು. ಆ ನಗು ನಿಜವಾದದ್ದು. ಆ ಕಥೆಗೆ ಎಲ್ಲಿ ನಗಬೇಕೆಂದು ಎಲ್ಲರಿಗೂ ಮೊದಲೇ ಗೊತ್ತಿತ್ತು. ಆಕೆ ಒಂದೊಂದೇ ಮುಖ ನೋಡಿದರು. ಅನುಮಾನ ಹೋಯಿತು ಎಂದು ನನಗೆ ಅನ್ನಿಸಿತು.

"ಬರ್ತಿದ್ರು ಹಾಗಾದ್ರೆ" ಎಂದರು. ಆಮೇಲೆ, "ಬಸರಾಳಿಗೆ ಒಬ್ಬರೇ ಹೋಗಿರ್ಲಿಲ್ಲ ಕಣಮ್ಮ. ನಾನೂ ಹೋಗಿದ್ದೆ. ಮದುವೆಯಾದ ಹೊಸದು. ಅವರು ಹೊಡೆದ ಏಟಿಗೆ ಕಾಯಿ ಒಡೀಲಿಲ್ಲ, ಜಾರಿ ಹೊಲದೊಳಕ್ಕೆ ಹೋಯ್ತು. ಹುಡುಕಿ ತಂದು ಒಡೆದೋಳು ನಾನು." ಇಷ್ಟು ಹೇಳಿ ನನ್ನನ್ನೇ ನೋಡಿದರು. "ನಾನಿದ್ದೆ ಅಂತ ಹೇಳ್ತಿರ್ಲಿಲ್ವಾ?"

ಬಸ್ರಾ ಅಣ್ಣ ಆ ಕಥೆ ಹೇಳುವಾಗ "ಹೋದ್ವಿ, ಹುಡುಕಿದ್ವಿ, ಕಾಯಿ ಒಡೆದ್ವಿ" ಎನ್ನುತ್ತಿದ್ದರೇ? ನಮ್ಮ ಕಡೆಯ ಹಿರಿಯರು ತಮ್ಮೊಬ್ಬರ ವಿಷಯಕ್ಕೂ ಹಾಗೇ ಮಾತಾಡುತ್ತಾರೆ. ಹಾಗೆಂದುಕೊಂಡು ನಾನೇ ಅವರನ್ನು ಒಂಟಿಯಾಗಿ ಬಸ್ಸು ಹತ್ತಿಸಿದೆನೋ ಏನೋ. ಈಗ ಅವರ ದನಿಯಲ್ಲಿ ಆ "ಹೋದ್ವಿ" ಸ್ಪಷ್ಟವಾಗಿ ಕೇಳಿಸುತ್ತದೆ. ಆದರೆ ಅದು ಆಕೆ ಕೇಳಿದ ಮೇಲೆ ಕೇಳಿಸತೊಡಗಿದ್ದು. ಅಂಥ ನೆನಪನ್ನು ನಾನು ನಂಬುವುದಿಲ್ಲ. ಅವರು ಆ ಕಥೆ ಹೇಳಿದ ದಿನದ ನನ್ನ ದಿನಚರಿ ತೆಗೆದು ನೋಡಿದರೆ ಇರುವುದು ಇಷ್ಟೇ: ಬಸ್ರಾ ಅಣ್ಣ ಚೆನ್ನಾಗಿ ನಗಿಸಿದರು.

"ಹೇಳಿರ್ತಾರಮ್ಮ" ಎಂದೆ.

"ಹೇಳಿರ್ತಾರೆ ಅಂದ್ರೆ?"

"ನಂಗೆ ಸರಿಯಾಗಿ ನೆನಪಿಲ್ಲ."

ನಾವು ಸಾಲಾಗಿ ನಿಂತು ಆ ಫೋಟೋಗೆ ಸಲ್ಯೂಟ್ ಹೊಡೆದೆವು. ಅದನ್ನು ಆಕೆ ನೋಡಿದರು, ಬೇಡ ಎನ್ನಲಿಲ್ಲ. ಮುಗಿದ ಮೇಲೆ ಫೋಟೋ ಎತ್ತಿಕೊಂಡು ಮತ್ತೆ ಪೇಪರು ಸುತ್ತತೊಡಗಿದರು. ಇಲ್ಲೇ ಇರಲಿ ಬಿಡಿ ಎಂದು ಕಾರ್ಯದರ್ಶಿ ಕೇಳಿಕೊಂಡರೂ ಕೊಡಲಿಲ್ಲ. ನಾನು ಕೆಳಗಿನ ತನಕ ಜೊತೆಗೆ ಹೋಗಿ ಆಟೋ ನಿಲ್ಲಿಸಿದೆ. ಹತ್ತಿ ಕೂತು, ಗಂಟನ್ನು ತೊಡೆಯ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡ ಮೇಲೆ ಆಕೆ ನನ್ನ ಕಡೆ ಬಗ್ಗಿದರು.

"ಅವರು ಹೇಳಿರ್ತಾರೆ. ನೀವು ಕೇಳಿಸ್ಕೊಂಡಿಲ್ಲ, ಅಷ್ಟೆ."