ಮಣ್ಣಿನ ಮಣಿ ಸುಟ್ಟ ವರ್ಷಗಳು

ಲಕ್ವ ಹೊಡೆದು ಅಪ್ಪನ ಬಲಗೈ ಬಿದ್ದುಹೋದ ವರ್ಷ ನನಗೆ ಹದಿನೇಳೋ ಹದಿನೆಂಟೋ ಇರಬೇಕು. ಹಿರೇಗುತ್ತಿಯಲ್ಲಿ ನಮ್ಮದು ಮಡಕೆ ಮಾಡುವ ಮನೆ. ಒಂದು ಬೆಳಿಗ್ಗೆ ತಿಗರಿಯ ಮುಂದೆ ಕೂತಿದ್ದ ಅಪ್ಪ, ತಿರುಗುತ್ತಿದ್ದ ಮಣ್ಣಿನ ಮೇಲಿಂದ ಕೈ ಜಾರಿ, ಹಾಗೇ ಪಕ್ಕಕ್ಕೆ ವಾಲಿದ. ಕೆಲವು ವಾರಗಳಲ್ಲಿ ಮಾತು ಮರಳಿತು. ಕಾಲೆಳೆದುಕೊಂಡು ಅಂಗಳದವರೆಗೆ ನಡೆಯುವಷ್ಟಾದ. ಬಲಗೈ ಮಾತ್ರ ಬರಲಿಲ್ಲ.

ನನಗೆ ಅಣ್ಣತಮ್ಮಂದಿರಿಲ್ಲ. ಹೆಂಗಸರು ತಿಗರಿ ಮುಟ್ಟುವ ರೂಢಿ ನಮ್ಮಲ್ಲಿ ಇರಲಿಲ್ಲ. ಮಣ್ಣು ಹೊತ್ತು ತರುವುದು, ಕಲ್ಲು ಆರಿಸುವುದು, ತುಳಿಯುವುದು, ಒಣಗಿದ ಮಡಕೆಗೆ ಕೆಮ್ಮಣ್ಣು ಬಳಿಯುವುದು, ಇಷ್ಟೇ ನಮ್ಮ ಪಾಲಿಗೆ. ಆಯಿ, ಅಂದರೆ ನನ್ನ ಅಮ್ಮ, ಗದ್ದೆ ಕೂಲಿಗೆ ಹೊರಟಳು. ನಾನೂ ಅವಳ ಹಿಂದೆ ಹೋಗತೊಡಗಿದೆ. ಅಪ್ಪ ಬೀಳುವ ಮೊದಲು ನಾವು ತುಳಿದಿಟ್ಟಿದ್ದ ಜೇಡಿ ಮಣ್ಣು ಒದ್ದೆ ಗೋಣಿಯ ಕೆಳಗೆ ಹಾಗೇ ಇತ್ತು. ಗದ್ದೆಯಿಂದ ಬಂದ ಕೂಡಲೇ ಅದಕ್ಕೆ ನೀರು ಚಿಮುಕಿಸುತ್ತಿದ್ದೆ. ಯಾಕೆಂದು ನನಗೇ ಸರಿಯಾಗಿ ಗೊತ್ತಿರಲಿಲ್ಲ. ಒಣಗಲು ಬಿಡಬಾರದು ಅನಿಸಿತ್ತು, ಅಷ್ಟೆ.

ಒಮ್ಮೆ ಧೈರ್ಯ ಮಾಡಿ ತಿಗರಿಯ ಮುಂದೆ ಕೂತೆ. ಅಪ್ಪ ಜಗಲಿಯಿಂದಲೇ ಬೇಡ ಎಂದ. ನಾನು ಎದ್ದು ಬಂದು ಗೋಣಿ ಸರಿಸಿ ಒಂದು ಮುಷ್ಟಿ ಮಣ್ಣು ತೆಗೆದುಕೊಂಡೆ.

"ಅದ್ನ ಎಂತ ಮಾಡ್ತೆ?" ಅಪ್ಪ ಕೇಳಿದ.

"ತಿಗರಿ ಮುಟ್ಟೂದಿಲ್ಲ ಅಪ್ಪ. ಮಣ್ಣು ಮುಟ್ಟೂಕೆ ಅಡ್ಡಿ ಇಲ್ಲ ಅಲ್ದಾ?"

ಅವನು ಮುಖ ತಿರುಗಿಸಿ ಕೂತ.

ಕುಮಟೆ ಪೇಟೆಗೆ ತರಕಾರಿ ತರುವ ಹಾಲಕ್ಕಿ ಹೆಂಗಸರನ್ನು ಚಿಕ್ಕಂದಿನಿಂದ ನೋಡಿದ್ದೆ. ಕೊರಳಿಂದ ಎದೆಯವರೆಗೆ ಸರದ ಮೇಲೆ ಸರ. ಅವೆಲ್ಲ ಅಂಗಡಿಯ ಗಾಜಿನ ಮಣಿಗಳು. ಮಣ್ಣಿನದ್ದು ಯಾಕಾಗಬಾರದು ಎಂದು ಆ ಸಂಜೆ ಹೊಳೆಯಿತು. ಅಂಗೈಯಲ್ಲಿ ಉರುಟಿ ಉಂಡೆ ಮಾಡಿದೆ. ತೂತು ಕೊರೆದರೆ ಉಂಡೆಯ ಆಕಾರ ಕೆಡುತ್ತಿತ್ತು. ಕೊನೆಗೆ ತೆಂಗಿನ ಗರಿಯ ಕಡ್ಡಿ ಸೀಳಿ ತಂದು, ಒಂದೊಂದು ಕಡ್ಡಿಗೂ ಸಾಲಾಗಿ ಮಣಿಗಳನ್ನು ಚುಚ್ಚಿ, ಕಡ್ಡಿಯ ಸಮೇತ ಒಣಗಲಿಟ್ಟೆ. ಬೆಂಕಿಯಲ್ಲಿ ಕಡ್ಡಿ ಸುಟ್ಟುಹೋಗುತ್ತದೆ, ತೂತು ಉಳಿಯುತ್ತದೆ ಎಂದು ನನ್ನ ಲೆಕ್ಕ.

ಮಡಕೆ ಸುಡುವ ದೊಡ್ಡ ಆವಿಗೆ ಹೊತ್ತಿಸುವಷ್ಟು ಸೌದೆ ಎಲ್ಲಿಂದ ಬರಬೇಕು? ಅಂಗಳದ ಮೂಲೆಯಲ್ಲಿ ಚಿಕ್ಕ ಗುಂಡಿ ತೋಡಿ, ತೆಂಗಿನ ಸಿಪ್ಪೆ, ಗೆರಟೆ ಒಟ್ಟಿ ಬೆಂಕಿ ಕೊಟ್ಟೆ. ಸ್ವಲ್ಪ ಹೊತ್ತಿಗೆಲ್ಲ ಪಟಪಟನೆ ಒಡೆಯುವ ಸದ್ದು ಕೇಳಿತು. ಬೂದಿ ಕೆದಕಿದರೆ ಬರೀ ಚೂರು. ಎರಡನೇ ಸಲವೂ ಅದೇ ಸದ್ದು. ಇದನ್ನು ಬಿಟ್ಟು ಭತ್ತದ ನೆಟ್ಟಿಗೆ ಮೈ ಬಗ್ಗಿಸು ಎಂದು ಆಯಿ ಬೇಸರದಿಂದ ಹೇಳಿದಳು. ಅವಳದು ತಪ್ಪಲ್ಲ, ದಿನವಿಡೀ ಕೆಸರಲ್ಲಿ ನಿಂತು ಬಂದವಳು. ನಾನು ನೆಟ್ಟಿಗೂ ಹೋದೆ, ಮಣಿಯನ್ನೂ ಬಿಡಲಿಲ್ಲ.

ಮೂರನೇ ಸಲ ಗುಂಡಿಗೆ ಬೆಂಕಿ ಕೊಡಲು ಹೊರಟಾಗ ಅಪ್ಪ ಗೋಡೆ ಹಿಡಿದುಕೊಂಡು ಅಂಗಳಕ್ಕಿಳಿದು ಬಂದ. ಒಂದು ಮಣಿ ಎತ್ತಿ ಕೆನ್ನೆಗೆ ಒತ್ತಿ ನೋಡಿದ.

"ತಂಪು ಅದೆ. ಒಳಗೆ ಇನ್ನೂ ಹಸಿ."

"ಮತ್ತೆ ಎಂತ ಮಾಡೂದು?"

"ಮೊದ್ಲು ಹೊಗೆ ಕೊಡು. ಬೆಂಕಿ ಆಮೇಲೆ."

ಅವನು ಹೇಳಿದಂತೆ ಹಸಿ ಸೊಪ್ಪು ಹಾಕಿ ಮಧ್ಯಾಹ್ನದವರೆಗೂ ಹೊಗೆಯಲ್ಲೇ ಇಟ್ಟೆ. ಹೊಗೆ ತೆಳುವಾಗಿ ಅಪ್ಪ ತಲೆಯಾಡಿಸಿದ ಮೇಲೆ ಗೆರಟೆ ಸುರಿದೆ. ಈ ಸಲ ಸದ್ದು ಬರಲಿಲ್ಲ. ಬೂದಿಯಿಂದ ಹೆಕ್ಕಿದ ಮಣಿಗಳು ಹೆಂಚಿನ ಕೆಂಪಿಗೆ ತಿರುಗಿದ್ದವು. ಒಂದನ್ನು ಕಣ್ಣಿಗೆ ಹಿಡಿದು ತೂತಿನಿಂದ ಅಪ್ಪನನ್ನು ನೋಡಿದೆ. ಅಂದು ಅವನ ಮುಖದಲ್ಲಿ ಬಹಳ ದಿನದ ಮೇಲೆ ನಗೆ ಕಂಡಿತು.

ಅಲ್ಲಿಂದ ಅವನೂ ಸೇರಿಕೊಂಡ. ಮಡಕೆಯೊಳಗೆ ಭತ್ತದ ಹೊಟ್ಟಿನ ನಡುವೆ ಮಣಿ ಹೂತು, ಬಾಯಿಗೆ ಮಣ್ಣು ಮೆತ್ತಿ ಸುಟ್ಟರೆ ಕಪ್ಪು ಮಣಿ ಬರುತ್ತದೆಂದು ತೋರಿಸಿದ. ಅರೆ ಒಣಗಿದಾಗ ಗಜ್ಜುಗದ ಕಾಯಿಯಿಂದ ತಿಕ್ಕಿದರೆ ಮಿರುಗುತ್ತದೆ ಎಂದ. ಮೊದಮೊದಲು ಬರೀ ಹೇಳುತ್ತಿದ್ದವನು ಒಂದು ದಿನ ಎಡಗೈಯಿಂದ ಮಣ್ಣಿನ ಚಿಕ್ಕ ಬಿಲ್ಲೆ ತಟ್ಟಿ, ಅಂಚಿಗೆ ಚಿಪ್ಪಿಯ ಗೆರೆ ಒತ್ತಿದ. ಗೆರೆ ಸೊಟ್ಟವಾಗಿತ್ತು. ಅಳಿಸಿ ಮತ್ತೆ ಒತ್ತಿದ. ನಮ್ಮ ಮನೆಯ ಪದಕಗಳು ಶುರುವಾದದ್ದು ಹಾಗೆ.

ಮೊದಲ ಸರವನ್ನು ಕುಮಟೆಯಲ್ಲಿ ಗೆಣಸು ಮಾರುತ್ತಿದ್ದ ಹಾಲಕ್ಕಿ ಅಜ್ಜಿಯೊಬ್ಬಳ ಮುಂದೆ ಇಟ್ಟೆ. ಅವಳು ಮಣಿಯನ್ನು ಹಲ್ಲಿಂದ ಕಚ್ಚಿ ನೋಡಿದಳು, ಉಗುಳು ಹಚ್ಚಿ ತಿಕ್ಕಿದಳು, ಕೊರಳಿಗೆ ಹಾಕಿಕೊಂಡು ಬಗ್ಗಿ ಎದ್ದಳು.

"ಚೆಂದ ಅದೆ ತಂಗಿ. ಆದ್ರೆ ಭಾರ. ಇದ್ನ ಹಾಯ್ಕಂಡು ನಾ ಗದ್ದೆಲಿ ಬಗ್ಗೂದು ಹೆಂಗೆ?"

ಅಳು ಬಂತು. ಆದರೆ ಅವಳು ಹೇಳಿದ್ದು ಸರಿಯಾಗಿತ್ತು. ನಾನೂ ಗದ್ದೆಯಲ್ಲಿ ಬಗ್ಗುವವಳೇ. ಮನೆಗೆ ಬಂದು ಉದ್ದಿನ ಕಾಳಿನಷ್ಟು ಸಣ್ಣ ಮಣಿ ಉರುಟಲು ಕೂತೆ. ಅಂಗೈಯಲ್ಲಿ ಆಗದ್ದನ್ನು ಎರಡು ಬೆರಳ ತುದಿಯಲ್ಲಿ ಮಾಡಿದೆ. ಕಣ್ಣು ಉರಿಯುತ್ತಿತ್ತು, ಬೆರಳ ಚರ್ಮ ಸುಲಿಯುತ್ತಿತ್ತು. ಮಳೆಗಾಲ ಕಳೆದ ಮೇಲೆ ಅದೇ ಅಜ್ಜಿಯನ್ನು ಹುಡುಕಿಕೊಂಡು ಹೋದೆ. ಅವಳು ಕಪ್ಪು ಸರವನ್ನು ಕೊರಳಿಗೆ ಹಾಕಿಕೊಂಡವಳು ತೆಗೆಯಲೇ ಇಲ್ಲ. ನನ್ನ ಸೆರಗಿಗೆ ಗೆಣಸು ತುಂಬಿ, ಕೇರಿಯ ಬೇರೆ ಹೆಂಗಸರಿಗೂ ಬೇಕಾಗುತ್ತದೆ ಎಂದು ಹೇಳಿ ಕಳಿಸಿದಳು.

ಮದುವೆಯ ಮಾತು ಬಂದಾಗ ನಾನು ಆಯಿಗೆ ಮೊದಲೇ ಹೇಳಿದ್ದೆ, ಎಲ್ಲಿಗೆ ಹೋದರೂ ಈ ಕೆಲಸ ಬಿಡುವುದಿಲ್ಲ ಎಂದು. ಹೊನ್ನಾವರ ಕಡೆಯಿಂದ ಬಂದ ಮೊದಲ ಸಂಬಂಧದವರು ಆ ಮಾತು ಕೇಳಿ, ಕೊಟ್ಟ ಚಾ ಕುಡಿದು ಎದ್ದು ಹೋದರು. ಆಯಿ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಆಮೇಲೆ ಬಂದದ್ದು ಭಟ್ಕಳದ ಹತ್ತಿರದ ಹೆಬಳೆಯವರು. ಹುಡುಗ ತೆಂಗಿನಕಾಯಿ ವ್ಯಾಪಾರದ ಅಂಗಡಿಯಲ್ಲಿ ಕೆಲಸಕ್ಕಿದ್ದ. ನಾನು ನನ್ನ ಮಾತು ಹೇಳಿ ಮುಗಿಸಿದೆ. ಅವನು ಒಂದೇ ಮಾತು ಕೇಳಿದ.

"ಬೆಂಕಿ ಹಾಕೂದು ಎಲ್ಲಿ? ನಮ್ದು ಹುಲ್ಲಿನ ಮಾಡು."

ಮಾಡಿನಿಂದ ದೂರ, ಗಾಳಿ ನೋಡಿಕೊಂಡು ಎಂದೆ. ಹಾಗಾದರೆ ಆದೀತು ಎಂದ.

ಹೆಬಳೆಯಲ್ಲಿ ಬೆಂಕಿಗೆ ಜಾಗ ಸಿಕ್ಕಿತು, ಮಣ್ಣು ಕೈಕೊಟ್ಟಿತು. ಅಲ್ಲಿಯದರಲ್ಲಿ ಮರಳು ಹೆಚ್ಚು. ಮಣಿ ಒಣಗುವಾಗಲೇ ಬಿರಿಯುತ್ತಿತ್ತು. ಮೊದಲ ವರ್ಷ ಒಂದು ಸರವೂ ನೆಟ್ಟಗಾಗಲಿಲ್ಲ. ಅತ್ತೆ ಏನೂ ಅನ್ನುತ್ತಿರಲಿಲ್ಲ, ಬಿರಿದ ಮಣಿಗಳನ್ನು ಗುಡಿಸಿ ತೆಂಗಿನ ಬುಡಕ್ಕೆ ಹಾಕುತ್ತಿದ್ದರು. ಆ ಸುಮ್ಮನಿರುವಿಕೆಯೇ ನನಗೆ ಕಷ್ಟವಾಗುತ್ತಿತ್ತು. ಕೊನೆಗೆ ಹಿರೇಗುತ್ತಿಗೆ ಹೋಗಿ ಚೀಲ ತುಂಬ ಜೇಡಿ ತಂದೆ. ಹೊನ್ನಾವರದಲ್ಲಿ ಬಸ್ಸಿಳಿದು, ಚೀಲ ಹೊತ್ತು ಲಾಂಚಿನಲ್ಲಿ ಶರಾವತಿ ದಾಟಿ, ಆಚೆ ದಡದಲ್ಲಿ ಮತ್ತೆ ಬಸ್ಸು ಹತ್ತಬೇಕಿತ್ತು. ಕಂಡಕ್ಟರ್ ಚೀಲ ಬಿಚ್ಚಿಸಿ ನೋಡಿ, ಭಟ್ಕಳದಲ್ಲಿ ಮಣ್ಣಿಗೆ ಬರಗಾಲವೇ ಎಂದು ಕೇಳಿದ. ಬಸ್ಸಿನವರೆಲ್ಲ ನಕ್ಕರು, ನಾನೂ ನಕ್ಕೆ. ಆ ಜೇಡಿಗೆ ಹೆಬಳೆಯ ಮಣ್ಣನ್ನು ಬಟ್ಟೆಯಲ್ಲಿ ಸೋಸಿ ಸ್ವಲ್ಪ ಸ್ವಲ್ಪವೇ ಬೆರೆಸುತ್ತ, ಬಿರಿಯದ ಹದ ಹಿಡಿದೆ.

ಭಟ್ಕಳ ಪೇಟೆಯಲ್ಲಿ ನವಾಯತ ಮುಸ್ಲಿಮರ ಬಳೆ ಅಂಗಡಿಯ ಮುದುಕರೊಬ್ಬರು ಪದಕಗಳನ್ನು ನೋಡಿ ಮೆಚ್ಚಿದರು, ಆದರೆ ತೂತಿನ ಅಂಚು ಹರಿತವಾಗಿದೆ, ದಾರ ಕತ್ತರಿಸುತ್ತದೆ ಎಂದು ಹಿಂದಕ್ಕೆ ಕೊಟ್ಟರು. ಒದ್ದೆ ನೂಲನ್ನು ತೂತಿನಲ್ಲಿ ಎಳೆದಾಡಿ ಅಂಚು ನುಣುಪು ಮಾಡಿ ಮತ್ತೆ ಒಯ್ದೆ. ಈ ಸಲ ಗಾಜಿನ ಕಪಾಟಿನಲ್ಲಿ ಬಳೆಗಳ ಪಕ್ಕ ಇಟ್ಟುಕೊಂಡರು. ಕೆಲವು ವರ್ಷಗಳ ಮೇಲೆ ಅದೇ ಕಪಾಟಿಗೆ ಪ್ಲಾಸ್ಟಿಕ್ ಮಣಿ ಬಂತು. ಹಗುರ, ಬಣ್ಣ ಬಣ್ಣ, ಬಿದ್ದರೆ ಒಡೆಯುವುದಿಲ್ಲ. ನನ್ನ ಸರಗಳು ಹಿಂದಿನ ಸಾಲಿಗೆ ಸರಿದವು. ನಾನು ಕಡಿಮೆ ಮಾಡಿದೆ, ನಿಲ್ಲಿಸಲಿಲ್ಲ.

ಆ ಸಮಯದಲ್ಲೇ ಅಪ್ಪ ಆಯಿಯ ಜೊತೆ ಹೆಬಳೆಗೆ ಬಂದ. ಊಟಕ್ಕೂ ಮೊದಲು ಹಿತ್ತಲಿಗೆ ಹೋಗಿ, ಬೆಳಿಗ್ಗೆಯಿಂದ ಹೊಗೆಯಾಡುತ್ತಿದ್ದ ನನ್ನ ಗುಂಡಿ ನೋಡಿದ. ಬೆಂಕಿ ಕೊಡುವ ಬಾಯಿ ತಪ್ಪು ದಿಕ್ಕಿಗಿದೆ, ಪಡುವಣಕ್ಕೆ ಬೆನ್ನು ಮಾಡಿ ತೋಡಬೇಕಿತ್ತು ಎಂದ. ನಾನು ಒಪ್ಪಲಿಲ್ಲ. ಇಲ್ಲಿ ಬೆಳಗಿನ ಗಾಳಿ ಗುಡ್ಡದ ಕಡೆಯಿಂದ ಮೆಲ್ಲಗೆ ಬರುತ್ತದೆ, ಹೊಗೆ ಕೊಡಲು ಅದು ಸಾಕು, ಮಧ್ಯಾಹ್ನ ಸಮುದ್ರದ ಗಾಳಿ ತಿರುಗಿದಾಗ ಬೆಂಕಿ ತಾನಾಗಿ ಏಳುತ್ತದೆ ಎಂದೆ. ಅವನು ನಂಬಲಿಲ್ಲ. ಊಟ ಮುಗಿಸಿ ಬಂದು, ಎಡಗೈಯನ್ನು ಮುಂದೆ ಚಾಚಿ ಗುಂಡಿಯ ಪಕ್ಕ ನಿಂತ. ಗಾಳಿ ತಿರುಗುವವರೆಗೂ ಕದಲಲಿಲ್ಲ. ಒಳಗಿನ ಗೆರಟೆಗಳು ಕೆಂಪಗಾಗಿ ಉರಿಯತೊಡಗಿದವು.

"ಆತು," ಎಂದ. "ನಿಂದೇ ಸರಿ."