ಇಟಲಿ, ಚೀನಾ, ಶಾವಿಗೆ

ಮನುಕುಲವೆಲ್ಲ ಒಂದೇ ಎಂಬ ಸತ್ಯವನ್ನು ಹಿಂದಿನವರು ಕಾಡಿನಲ್ಲಿ ತಪಸ್ಸು ಮಾಡಿ ಕಂಡುಕೊಂಡರಂತೆ. ರಾಯಚೂರಿನ ನಮ್ಮ ಮಹಿಳಾ ಮಂಡಲ ಅದನ್ನು ಮೂರು ಪಾತ್ರೆಗಳ ಮುಚ್ಚಳ ತೆಗೆದು ಕಂಡುಕೊಂಡಿತು.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಾನು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಅಕ್ಷರ ದುಂಡಗಿದ್ದ ತಪ್ಪಿಗೆ ಮಂಡಲದ ಕಾರ್ಯದರ್ಶಿಯೂ ಆಗಿದ್ದೆ. ಅಧ್ಯಕ್ಷೆ ಹತ್ತಿ ಗಿರಣಿ ಮಾಲೀಕರ ಹೆಂಡತಿ. ಅವರು ಹೈದರಾಬಾದಿನಲ್ಲಿ ಎಂಥದೋ ಸಮಾರಂಭ ನೋಡಿಕೊಂಡು ಬಂದವರೇ, ನಾವೂ ದೇಶವಿದೇಶಗಳ ಮನೆಯಡುಗೆ ಮಾಡಿ ಊರ ಗಣ್ಯರಿಗೆ ಬಡಿಸಬೇಕು, ಬಂದ ನೆರವಿನಿಂದ ಒಬ್ಬ ಹೆಣ್ಣುಮಗಳನ್ನಾದರೂ ತನ್ನ ಕಾಲ ಮೇಲೆ ನಿಲ್ಲಿಸಬೇಕು ಎಂದು ಘೋಷಿಸಿದರು.

ನಿಲ್ಲಬೇಕಾದವಳು ಸಿದ್ಧವಾಗಿಯೇ ಇದ್ದಳು. ದೇವದುರ್ಗ ತಾಲ್ಲೂಕಿನ ಗಬ್ಬೂರಿನವಳು. ಗಂಡ ಬಿಟ್ಟುಹೋದ ಮೇಲೆ ನಮ್ಮ ಓಣಿಗೆ ಬಂದು, ಮನೆಮನೆಗೆ ಹೋಗಿ ರೊಟ್ಟಿ ಬಡಿದು ಬದುಕುತ್ತಿದ್ದಳು. ಅವಳಿಗೆ ಹೊಲಿಗೆ ಯಂತ್ರ ಕೊಡುವುದೆಂದು ಸರ್ವಾನುಮತದ ಠರಾವು ಆಯಿತು. ಗಂಡನಿಲ್ಲದ ಹೆಣ್ಣೆಂದರೆ ಹೊಲಿಗೆ ಯಂತ್ರ. ಅದು ಆ ಕಾಲದ ಶಾಸ್ತ್ರ.

ಸುದ್ದಿ ತಿಳಿಸಲು ಹೋದಾಗ ಅವಳು ಹಂಚಿನ ಮುಂದಿನಿಂದ ಏಳಲೂ ಇಲ್ಲ.

“ಸೂಜ್ಯಾಗ ದಾರಾ ಪೋಣಸಾಕ ನನಗ ಕಣ್ಣ ಕಾಣಂಗಿಲ್ರೀ ಅಕ್ಕೋರ. ಎಲ್ಲ್ಯಾರ ಬಾಡಗಿಗೆ ಒಂದು ಸಣ್ಣ ಖೋಲಿ ಕೊಡಸ್ರಿ. ನಂದಽ ಒಲಿ ಹೂಡತೀನಿ.”

ನಾನು ನಡಾವಳಿ ಪುಸ್ತಕದಲ್ಲಿ, ಫಲಾನುಭವಿ ಹರ್ಷ ವ್ಯಕ್ತಪಡಿಸಿದರು ಎಂದು ದುಂಡಗೆ ಬರೆದೆ.

ದೇಶಗಳನ್ನು ಚೀಟಿ ಎತ್ತಿ ಹಂಚಿಕೊಂಡೆವು. ನಮ್ಮಲ್ಲಿ ಅತಿ ದೂರ ಹೋಗಿಬಂದವರೆಂದರೆ ಕಾಶಿಯಾತ್ರೆ ಮಾಡಿದ್ದ ಖಜಾಂಚಿ. ಅವರಿಗೆ ಚೀನಾ ಬಂತು. ಅಧ್ಯಕ್ಷೆಗೆ ಇಟಲಿ, ನನಗೆ ಇಂಗ್ಲೆಂಡ್. ಬಟ್ಟೆ ವ್ಯಾಪಾರಿಯ ಬೇಗಂ ಮಾತ್ರ ಚೀಟಿಯ ಗೊಡವೆಗೇ ಹೋಗದೆ, ತಮ್ಮದು ಅರಬ್ ದೇಶ ಎಂದು ಹೇಳಿ ಎದ್ದರು. ಅಧ್ಯಕ್ಷೆ ಇಟಲಿಯ ಮತ್ತು ಚೀನಾದ ಪೊಟ್ಟಣಗಳನ್ನು ಹೈದರಾಬಾದಿನಿಂದ ತರಿಸಿದರು. ಮಾಡುವ ವಿಧಾನ ಪೊಟ್ಟಣದ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಯಾರೂ ಓದಲಿಲ್ಲ. ಬಿಚ್ಚಿದರೆ ಒಳಗಿದ್ದದ್ದು ಶಾವಿಗೆ. ಶಾವಿಗೆ ಬೇಯಿಸಲು ನಮ್ಮ ಕಡೆ ಯಾರೂ ಓದಿಕೊಂಡು ಕೂರುವುದಿಲ್ಲ.

ಸಮಾರಂಭ ಅಧ್ಯಕ್ಷೆಯ ಮನೆಯಂಗಳದಲ್ಲಿ. ಮುಂದಿನ ಸಾಲಿನಲ್ಲಿ ಹೂವಿನ ಹಾರ ಹಾಕಿದ ಹೊಲಿಗೆ ಯಂತ್ರ, ಅದರ ಪಕ್ಕದಲ್ಲಿ ಹಾರವಿಲ್ಲದ ಗಬ್ಬೂರಿನವಳು. ಯಂತ್ರ ಜೋಡಿಸಿ ತೋರಿಸಲು ಮಾನ್ವಿಯಿಂದ ಒಬ್ಬ ದರ್ಜಿ ಬಂದಿದ್ದ.

ಇಟಲಿಯ ಮುಚ್ಚಳ ತೆಗೆದರು. ನೀರು ಬಸಿದ ಶಾವಿಗೆ, ಮೇಲೆ ಬೆಲ್ಲದ ಪುಡಿ, ತುಪ್ಪ; ಎಳೆ ಕೊಂಚ ದಪ್ಪ, ನಡುವೆ ತೂತು. ಚೀನಾ: ಶಾವಿಗೆ, ಹಾಲು, ಸಕ್ಕರೆ. ಅರಬ್ ದೇಶ: ಬೇಗಂ ಪ್ರತಿ ರಂಜಾನಿಗೂ ನಮ್ಮ ಮನೆಗೆ ಕಳಿಸುತ್ತಿದ್ದ ಅದೇ ಶಾವಿಗೆ, ಹಾಲು, ಖರ್ಜೂರ. ನನ್ನ ಇಂಗ್ಲೆಂಡು ಒಗ್ಗರಣೆ ಕಾಣದ ಉಪ್ಪಿಟ್ಟು. ಅದರ ಬಗ್ಗೆ ಯಾರೂ ಮಾತಾಡಲಿಲ್ಲ, ನಾನೂ ಆಡುವುದಿಲ್ಲ.

ಗಣ್ಯರು ಮೂರು ದೇಶಗಳನ್ನು ಮೂರು ಚಮಚದಲ್ಲಿ ಮುಗಿಸಿ ಕೈಕಟ್ಟಿ ಕೂತರು. ಹಿರಿಯ ವಕೀಲರೊಬ್ಬರು ಅಧ್ಯಕ್ಷೆಯತ್ತ ಬಾಗಿ ಮೆಲ್ಲಗೆ ಕೇಳಿದರು.

“ಸಿಹಿ ಆತು. ಊಟ ಎಷ್ಟೊತ್ತಿಗೆ ರೀ ತಾಯಿ?”

ಅಧ್ಯಕ್ಷೆ ನನ್ನತ್ತ ನೋಡಿದರು. ನಾನು ನಡಾವಳಿ ಪುಸ್ತಕದತ್ತ ನೋಡಿದೆ. ಗಬ್ಬೂರಿನವಳು ಯಾರತ್ತಲೂ ನೋಡದೆ ಎದ್ದು ಅಡುಗೆಮನೆಗೆ ಹೋದಳು. ಗಿರಣಿಯ ಆಳುಗಳಿಗೆಂದು ಮಾಡಿದ್ದ ಬದನೆಕಾಯಿ ಪಲ್ಯ ಅಲ್ಲಿ ದೊಡ್ಡ ಪಾತ್ರೆಯಲ್ಲಿತ್ತು. ಸ್ವಲ್ಪ ಹೊತ್ತಿಗೆ ರೊಟ್ಟಿ ಬಡಿಯುವ ಸದ್ದು ಅಂಗಳಕ್ಕೆ ಬಂತು. ಸ್ತ್ರೀ ಏಳಿಗೆಯ ಬಗ್ಗೆ ಮಾತಾಡುತ್ತಿದ್ದವರು ಅರ್ಧಕ್ಕೇ ನಿಲ್ಲಿಸಿ ಕೈ ತೊಳೆಯಲು ಹೋದರು.

ದರ್ಜಿ ಆರು ರೊಟ್ಟಿ ತಿಂದ. ತನ್ನ ಅಂಗಡಿಯಿರುವ ಮಾನ್ವಿ ಬಸ್ ನಿಲ್ದಾಣದ ಸುತ್ತ ತಿನ್ನಲು ಮಿರ್ಚಿ ಬಜ್ಜಿ, ಮಂಡಕ್ಕಿ ಬಿಟ್ಟರೆ ಬೇರೆ ಗತಿಯಿಲ್ಲ, ಹೊಟ್ಟೆ ಹಾಳಾಗಿದೆ ಎಂದು ಅಲವತ್ತುಕೊಂಡ. ಅವಳು ಬಾಗಿಲಲ್ಲಿ ನಿಂತು ಕೈಯ ಹಿಟ್ಟು ಉದುರಿಸುತ್ತಿದ್ದಳು.

“ನಿಮ್ಮ ಅಂಗಡಿ ಬಾಜೂಕ ಜಾಗಾ ಅದ ಏನ್ರಿ ಅಣ್ಣಾರ?”

“ಒಂದು ಖೋಲಿ ಅದ. ಚಿಂದಿ ತುಂಬೀನಿ.”

“ಚಿಂದಿ ಹೊರಗ ಹಾಕಿ ನನಗ ಕೊಡ್ರಿ. ಈ ಮಿಶನ್ ನೀವು ಒಯ್ರಿ.”

ದರ್ಜಿ ಯಂತ್ರದ ಸುತ್ತ ಒಂದು ಸುತ್ತು ಬಂದು, ಏಳನೆಯ ರೊಟ್ಟಿ ಕೇಳಿದ. ಠರಾವಿನ ಪ್ರಕಾರ ಯಂತ್ರ ಮಹಿಳೆಗೇ ಸಲ್ಲಬೇಕು ಎಂದು ಅಧ್ಯಕ್ಷೆ ಆಕ್ಷೇಪಿಸಿದರು. ಆದ್ದರಿಂದ ಮೊದಲು ಅವಳಿಗೇ ಕೊಟ್ಟೆವು, ಫೋಟೊ ತೆಗೆಸಿದೆವು. ಆಮೇಲೆ ಅದು ಹಾರದ ಸಮೇತ ಮಾನ್ವಿ ಬಸ್ಸಿನ ಮೇಲೇರಿತು. ಹೊಲಿಗೆ ಯಂತ್ರದ ನೆರವಿನಿಂದ ಮಹಿಳೆ ಸ್ವಾವಲಂಬಿಯಾದರು ಎಂದು ನಾನು ಬರೆದೆ. ಆ ಪುಸ್ತಕದಲ್ಲಿ ನಾನು ಬರೆದ ನಿಜವಾದ ವಾಕ್ಯ ಅದೊಂದೇ ಇರಬೇಕು.

ಮುಂದಿನ ವಾರ ಮಾನ್ವಿಯಲ್ಲಿ ಅವಳ ಖಾನಾವಳಿ ಶುರುವಾಯಿತು. ರೊಟ್ಟಿ, ಪಲ್ಯ, ಅನ್ನ, ಸಾರು ಸಿಗುತ್ತಿತ್ತು. ಶಾವಿಗೆ ಸಿಗುತ್ತಿರಲಿಲ್ಲ.