ಮಾಮಿ ಆಪರೇಷನ್‌ಗೆ ಒಪ್ಪಿದ್ದು

ಮಾತಿಗಿಂತ ಮೊದಲು ಮಾಮಿಯ ಮೂಗಿನ ಹೊಳ್ಳೆ ಅರಳುತ್ತಿತ್ತು. ಬಂಗುಡೆಯ ಕಿವಿರು ಎತ್ತಿ ಮೂಸುವರು, ಹಾಲಿನ ಪ್ಯಾಕೆಟ್ ಮೂಸುವರು, ನಾನು ಮಾಡಿದ ಸಾರನ್ನಂತೂ ಕೇಳುವುದೇ ಬೇಡ. ಮಾಮಿ ಎಂದರೆ ನನ್ನ ಗಂಡನ ತಾಯಿ. ತುಳುವರಾದ ನಾವು ಅತ್ತೆಯನ್ನು ಕರೆಯುವುದೇ ಹಾಗೆ.

ಕಾಟಿಪಳ್ಳದ ಮನೆಗೆ ಗಂಡ ಗೀಸರ್ ಹಾಕಿಸಿದ್ದರು. ಕಣ್ಣಿಗೆ ಕಾಣದ ಬೆಂಕಿಯನ್ನು ನಂಬುವುದು ಹೇಗೆಂದು ಮಾಮಿ ಅದನ್ನು ಮುಟ್ಟಲೇ ಇಲ್ಲ. ಎಪ್ಪತ್ತು ದಾಟಿದ ಮೇಲೂ ಬಚ್ಚಲಿನ ಒಲೆಗೆ ತೆಂಗಿನ ಮಡಲು ತುರುಕಿ ಹಂಡೆಯ ನೀರು ಕಾಯಿಸುವರು. ಒಂದು ಬೆಳಿಗ್ಗೆ ನೈಟಿಯ ಅಂಚಿಗೆ ಬೆಂಕಿ ಹತ್ತಿತು. ನಾನು ಓಡಿಬಂದು ನೀರು ಸುರಿಯುವಷ್ಟರಲ್ಲಿ ಎಡಗಾಲು ಮೊಣಕಾಲಿನವರೆಗೆ ಬೆಂದಿತ್ತು.

ಗಂಡ ದುಬೈಯಲ್ಲಿ. ಮನೆಯಲ್ಲಿದ್ದದ್ದು ಅತ್ತೆ ಸೊಸೆ ಇಬ್ಬರೇ ಎಂದ ಕೂಡಲೇ ಆಸ್ಪತ್ರೆಯವರ ಮುಖ ಬದಲಾಯಿತು. ಪೊಲೀಸರು ಬಂದು, ನನ್ನನ್ನು ಹೊರಗೆ ಕಳುಹಿಸಿ ಮಾಮಿಯನ್ನು ವಿಚಾರಿಸಿದರು. ಕೊಟ್ಟಾರದಿಂದ ಬಂದ ನಾದಿನಿ ನಾನು ತಂದ ಗಂಜಿಯನ್ನೂ ಮಾಮಿಗೆ ಕೊಡಲು ಬಿಡಲಿಲ್ಲ. ಬೆಂಕಿ ತಾನಾಗಿ ಹತ್ತಿದ್ದೆಂದು ಮಾಮಿ ಎಷ್ಟು ಹೇಳಿದರೂ, ಸೊಸೆಗೆ ಹೆದರಿ ಹೇಳುವುದೆಂದೇ ಅವಳ ವಾದ. ನನಗೆ ಮೈಯೆಲ್ಲ ಉರಿಯಿತು, ಒಳಗೊಳಗೇ ಹೆದರಿಕೆಯೂ ಆಯಿತು.

ಬೆಂದು ಸತ್ತ ಚರ್ಮ ತೆಗೆದು, ತೊಡೆಯಿಂದ ತೆಳುವಾಗಿ ಚರ್ಮ ಎತ್ತಿ ಅಲ್ಲಿ ಕೂರಿಸಬೇಕೆಂದರು ಸರ್ಜನ್. ಈ ಪ್ರಾಯದಲ್ಲಿ ಅಪಾಯ ಉಂಟು, ಆದರೆ ಹಾಗೇ ಬಿಟ್ಟರೆ ನಂಜಾಗಿ ಜೀವಕ್ಕೇ ಕುತ್ತು. ಮಾಮಿ ಅವರನ್ನು ಮೇಲಿಂದ ಕೆಳಗೆ ನೋಡಿದರು. ಒಂದು ಗಾಯ ಗುಣಮಾಡಲು ಇನ್ನೊಂದು ಗಾಯ ಮಾಡುವವನು ಎಂಥ ಡಾಕ್ಟರೆಂದು ಅವರೆದುರೇ ಕೇಳಿದರು. ಮಿಕ್ಕ ಚರ್ಮವನ್ನು ಬೇರೆ ಯಾರಿಗೋ ಮಾರುತ್ತಾರೆಂಬ ಗುಮಾನಿ ಬೇರೆ. ಮಗ ಫೋನಿನಲ್ಲಿ ಅಂಗಲಾಚಿದರೂ, ಮಗಳು ಅತ್ತರೂ ಜಗ್ಗಲಿಲ್ಲ.

ಮರುದಿನ ಪೊಲೀಸರು ಪುನಃ ಬಂದರು. ವಾರ್ಡಿನ ಬಾಗಿಲಲ್ಲೇ ನನ್ನನ್ನು ನಿಲ್ಲಿಸಿ ಕೇಳಿದ್ದನ್ನೇ ಕೇಳಿದರು. ಮಾಮಿ ಮಂಚದಿಂದ ಎಲ್ಲವನ್ನೂ ನೋಡುತ್ತಿದ್ದರು. ಪೊಲೀಸರು ಹೋದ ಮೇಲೆ ನನ್ನನ್ನು ಹತ್ತಿರ ಕರೆದರು.

“ನಾನು ಸತ್ತರೆ ಇವರು ನಿನ್ನನ್ನು ಬಿಡುವುದಿಲ್ಲ ಮಾರಾಯ್ತಿ. ಆ ಡಾಕ್ಟರಿಗೆ ಹೇಳು, ಚರ್ಮ ತೆಗೀಲಿ.”

ಕಾಲು ಮಾಗಲು ತಿಂಗಳುಗಳೇ ಹಿಡಿದವು. ಎದ್ದು ಓಡಾಡಿದ ಮೇಲೂ ಆ ಡಾಕ್ಟರನ್ನು ಅವರು ನಂಬಲಿಲ್ಲ.

ಕಳೆದ ವರ್ಷ ಮಾಮಿ ಹೃದಯಾಘಾತದಿಂದ ಹೋದರು. ಶವಕ್ಕೆ ಸ್ನಾನ ಮಾಡಿಸುವಾಗ ತೊಡೆಯ ಮೇಲಿನ ಮಾಸಲು ಕಲೆ ಕಂಡು ನನಗೆ ಅಳು ತಡೆಯಲಾಗಲಿಲ್ಲ. ನಾದಿನಿಯೂ ಅದನ್ನೇ ನೋಡುತ್ತಿದ್ದಳು. ನೀರಿನ ಚೊಂಬನ್ನು ನನ್ನ ಕೈಗೆ ಕೊಟ್ಟು ಪಕ್ಕಕ್ಕೆ ಸರಿದಳು.